ಅತ್ತೆ ಸೊಸೆಯ ಕೊರಳು

ತಿಕೋಟಾ-ವಿಜಯಪುರ ಬಸ್ಸಿನ ಕಂಡಕ್ಟರ್ ವಿಶಾಖಾಳ ಕೊರಳಲ್ಲಿ ಗೋಲಿಯಷ್ಟು ಗಂಟು ಕಾಣಿಸಿಕೊಂಡಾಗ ಮನೆಯಲ್ಲಿ ಗದ್ದಲ ಎಬ್ಬಿಸಿದವಳು ಅತ್ತೆ ಪರಸವ್ವ.

"ಕೊಯ್ಸಿ ತೆಗೆಸಿಬಿಡು ಬೇ. ಮೈಯಾಗ ಗಂಟ ಇಟ್ಕೊಂಡು ಯಾರರ ತಿರಗ್ತಾರೇನು?"

ವಿಶಾಖಾಳಿಗೆ ಗಂಟಿಗಿಂತ, ಕೊಯ್ಯಿಸಿದರೆ ದನಿ ಹೋದೀತೆಂಬ ಚಿಂತೆ. ದಿನವಿಡೀ ಕೂಗಿ ಅನ್ನ ಉಣ್ಣುವವಳು. ಕೊನೆಗೆ ಇಬ್ಬರೂ ವಿಜಯಪುರದ ಡಾಕ್ಟರ್ ಕೈನಾತರ ಹತ್ತಿರ ಹೋದರು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಸೂಜಿ ಪರೀಕ್ಷೆ ಎಲ್ಲ ಆಯಿತು.

"ಇದು ಥೈರಾಯ್ಡ್ ಗಂಟು. ಕ್ಯಾನ್ಸರ್ ಅಲ್ಲ," ಎಂದರು ಡಾಕ್ಟರು, ವರದಿ ಬಂದ ದಿನ. "ನುಂಗಾಕ, ಉಸರಾಡಾಕ ತ್ರಾಸ ಇಲ್ಲ. ಕೊಯ್ಯೂದು ಬ್ಯಾಡ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಸ್ರಿ. ಬೆಳದ್ರ ಆಗ ನೋಡೋಣು."

"ಬೆಳಿಯೂತನಕ ಯಾಕ ಕಾಯಬೇಕ್ರಿ?" ಪರಸವ್ವ ಸೆರಗು ಸರಿಸಿ ಮುಂದಕ್ಕೆ ಬಾಗಿದಳು.

ಡಾಕ್ಟರ ಕಣ್ಣು ಅವಳ ಕೊರಳ ಮೇಲೆ ನಿಂತಿತು. "ಯವ್ವಾ, ಒಂದ ಗುಟುಕು ನೀರ ಕುಡೀರಿ."

ನೀರು ಇಳಿಯುವಾಗ ಬಲಗಡೆ ಏನೋ ಮೇಲೆದ್ದು ಇಳಿಯಿತು. ಮುಟ್ಟಿದರೆ ಗಟ್ಟಿ. ಅವಳಿಗೂ ಅವೇ ಪರೀಕ್ಷೆಗಳಾದವು, ಆದರೆ ವರದಿ ಬೇರೆ ಬಂತು. ಕ್ಯಾನ್ಸರ್. ಆಪರೇಷನ್ ಆಗಲೇಬೇಕು.

ಮನೆಗೆ ಬಂದ ಪರಸವ್ವ ಗೋಡೆಗೆ ಒರಗಿ ಕುಳಿತಳು. "ನಂದೂ ವರ್ಷಕ್ಕೊಮ್ಮೆ ನೋಡಿದ್ರಾತು. ನಿನಗೊಂದು ನ್ಯಾಯ, ನನಗೊಂದು ನ್ಯಾಯ ಏನು?"

ವಿಶಾಖಾ ಪಕ್ಕದಲ್ಲಿ ಕುಳಿತಳು. "ಹೊರಗಿಂದ ಗಂಟು ಒಂದ ನಮೂನಿ ಕಾಣಸ್ತಾವ ಅತ್ತಿ, ಒಳಗ ಬ್ಯಾರೆ ಬ್ಯಾರೆ. ನಂದು ಸುಮ್ಮ ಕುಂತೈತಿ, ನಿಮ್ದು ಕುಂದರೂದಲ್ಲ. ಲಗೂನ ಸಿಕ್ಕೈತಿ, ತೆಗೆಸಿದ್ರ ಆರಾಮ ಆಗ್ತೀರಿ ಅಂತ ಡಾಕ್ಟರು ಹೇಳ್ಯಾರ. ನಾ ರಜಾ ಹಾಕಿ ನಿಮ್ಮ ಜೋಡಿ ಇರ್ತೇನಿ."

"ದನಿ ಹೋದ್ರ?"

"ಬರೂತನಕ ನಿಮ್ಮ ಪರವಾಗಿ ಎಲ್ಲಾರನೂ ನಾ ಬೈತೇನಿ."

ಪರಸವ್ವನಿಗೆ ನಗು ತಡೆಯಲಾಗಲಿಲ್ಲ. ಮರುದಿನ ತಾನೇ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತಳು.

ಆಪರೇಷನ್ ಸಲೀಸಾಗಿ ಮುಗಿಯಿತು. ಕೆಲವು ವಾರ ದನಿ ಒಡೆದಂತಿತ್ತು, ಆಮೇಲೆ ಸರಿಹೋಯಿತು. ಮುಂಜಾನೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ಖಾಯಂ ಆಯಿತು.

ಮರುವರ್ಷ ಇಬ್ಬರೂ ಒಂದೇ ದಿನ ತಪಾಸಣೆಗೆ ಹೋದರು. ವಿಶಾಖಾಳ ಗಂಟು ಇದ್ದಷ್ಟೇ ಇತ್ತು. ಪರಸವ್ವನ ಕೊರಳಲ್ಲಿ ರೋಗದ ಸುಳಿವಿರಲಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡಿದು, ಅತ್ತೆ ಸೊಸೆ ಬಬಲೇಶ್ವರದ ಸಂತೆಗೆ ಹೊರಟರು.