ಮಹಡಿಯ ನಾಲ್ಕನೇ ತಲೆ

ಬೋರ್‌ವೆಲ್ಲಿನ ಮೋಟಾರು ನೀರಿಗಿಂತ ಗಾಳಿಯನ್ನೇ ಹೆಚ್ಚು ಉಗುಳತೊಡಗಿದ ಮೇಲೆ ಓನರಮ್ಮನ ಕಿವಿ ಚುರುಕಾಯಿತು. ಸುತ್ತಲೂ ಹೊಸ ಕಟ್ಟಡಗಳು ಎದ್ದಿದ್ದವು. ಒಂದೊಂದೂ ಅವಳ ಬೋರಿಗಿಂತ ಆಳಕ್ಕೆ ಕೊರೆದಿತ್ತು. ಅವರನ್ನು ಕೇಳುವಂತಿರಲಿಲ್ಲ. ಮಹಡಿಯ ಬಾಡಿಗೆಯವರನ್ನು ಕೇಳಬಹುದಿತ್ತು.

ಟೈಲರ್, ಅವನ ಹೆಂಡತಿ, ಶಾಲೆಗೆ ಹೋಗುವ ಮಗಳು: ಮೂರೇ ತಲೆ ಎಂದು ಒಪ್ಪಿ ಬಂದವರು. ಬಾಡಿಗೆಯಲ್ಲಿ ನೀರೂ ಸೇರಿತ್ತು. ಈಗ ಮಧ್ಯಾಹ್ನ, ಅಪ್ಪ ಅಂಗಡಿಯಲ್ಲಿ, ಮಗಳು ಶಾಲೆಯಲ್ಲಿ ಇರುವಾಗ, ಮೇಲೆ ಇಬ್ಬರು ಓಡಾಡುವ ಸದ್ದು. ಆಮೇಲೆ ಚೊಂಬಿನ ಸದ್ದು, ಪೈಪಿನಲ್ಲಿ ದಬದಬ ನೀರು. ಮೆಟ್ಟಿಲ ಬಳಿ ತಡೆದು ಕೇಳಿದರೆ, ಟೈಲರನ ಹೆಂಡತಿ ನೆಲ ನೋಡಿಕೊಂಡು, ಹಗಲು ಮನೆಯಲ್ಲಿ ತಾನೊಬ್ಬಳೇ ಎಂದಳು. ಆ ನೆಲ ನೋಡಿದ್ದೇ ಓನರಮ್ಮನಿಗೆ ಸಾಕ್ಷಿಯಾಯಿತು. ತಂಗಿಯನ್ನೋ ನಾದಿನಿಯನ್ನೋ ತಂದು ಬಚ್ಚಿಟ್ಟಿದ್ದಾಳೆ.

ಬಟ್ಟೆ ಒಣಗಿಸಲು ತಾರಸಿಗೆ ಹೋಗುವ ಸೊಸೆಗೆ, ಹಾಗೇ ಕಿಟಕಿಯಲ್ಲಿ ಒಂದು ಕಣ್ಣು ಹಾಯಿಸಿ ಬಾ ಎಂದಳು. ಸೊಸೆ ಬಂದು, ಯಾರೂ ಕಾಣಲಿಲ್ಲ ಅತ್ತೆ ಎಂದಳು. ಇದೊಂದು ಬೆಪ್ಪು, ಕಣ್ಣಿದ್ದೂ ಕುರುಡು ಎಂದುಕೊಂಡಳು ಓನರಮ್ಮ.

ಕೆಳಗಿನ ಮನೆಯಲ್ಲೂ ಅವಳದು ಬಿಗಿ ಕೈ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ತಾನು, ಎಲ್ಲರಿಗೂ ಸ್ನಾನಕ್ಕೆ ಅರ್ಧ ಬಕೆಟ್. ಎದುರುಮನೆಯಲ್ಲಿ ಮೂರನೇ ಮಗು ಹುಟ್ಟಿದ ಸುದ್ದಿ ಬಂದ ದಿನ ಊಟಕ್ಕೆ ಕೂತಲ್ಲೇ ರೇಗಿದ್ದಳು.

"ಭೂಮಿ ಏನು ರಬ್ಬರ್ರಾ, ಎಳೆದಷ್ಟೂ ಬರೋಕೆ? ಹಡೀತಾನೇ ಇರ್ತಾರಲ್ಲ."

ಮಗ ಬೇಗ ಬೇಗ ಉಂಡು ಕೈತೊಳೆದಿದ್ದ.

ಕೊನೆಗೊಂದು ಮಧ್ಯಾಹ್ನ ಅಂಗಡಿಗೆಂದು ಹೊರಟು, ಬೀದಿಯ ತಿರುವಿನಿಂದಲೇ ವಾಪಸು ಬಂದು, ಚಪ್ಪಲಿ ಬಿಟ್ಟು ಮೆಟ್ಟಿಲೇರಿದಳು. ಟೈಲರನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ನಲ್ಲಿ ಸೋರುತ್ತಿದೆಯಂತೆ, ನೋಡಬೇಕು ಎಂದು ಓನರಮ್ಮ ಅವಳನ್ನು ಸರಿಸಿ ಒಳನುಗ್ಗಿ ಬಚ್ಚಲ ಬಾಗಿಲು ಬಡಿದಳು.

ಬಾಗಿಲು ತೆರೆದವಳು ಸೊಸೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಗಂಟಿದ ಒದ್ದೆ ಬಟ್ಟೆಯಡಿ ಹೊಟ್ಟೆ ಸಣ್ಣಗೆ ಮುಂದೆ ಬಂದಿತ್ತು.

"ಎಷ್ಟು ತಿಂಗಳು?"

"ಐದು, ಅತ್ತೆ."

"ಅವನಿಗೆ ಗೊತ್ತಾ?"

"ಗೊತ್ತು. ನಿಮಗೆ ಹೇಳೋಕೆ ಇಬ್ರಿಗೂ ಧೈರ್ಯ ಬರ್ಲಿಲ್ಲ. ಮೈಯೆಲ್ಲಾ ಉರಿಯತ್ತೆ, ಅರ್ಧ ಬಕೆಟ್ ಸಾಲಲ್ಲ. ಪಾಪ, ಇವರೇ ಕರೆದ್ರು."

ಮಗನಿಗೆ ಗೊತ್ತು, ಬಾಡಿಗೆಯವಳಿಗೆ ಗೊತ್ತು. ಬಹುಶಃ ಇಡೀ ಬೀದಿಗೇ ಗೊತ್ತು.

ಟೈಲರನ ಹೆಂಡತಿಗೆ ಮಾತ್ರ ಹೋದ ಉಸಿರು ಬಂದಂತಾಗಿತ್ತು. ಸದ್ಯ, ನೀವೇ ನೋಡಿದಿರಲ್ಲ, ನಾವು ಮೂರೇ ಜನ ಅಮ್ಮಾ ಎಂದಳು.

ಓನರಮ್ಮ ಅರ್ಧ ಖಾಲಿಯಾದ ಹಂಡೆಯನ್ನೂ, ಸೊಸೆಯ ಹೊಟ್ಟೆಯನ್ನೂ ನೋಡಿದಳು.

"ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

"ಅಮ್ಮಾ, ನಾವೇನು ತಪ್ಪು ಮಾಡಿದ್ವಿ?"

"ತಪ್ಪೇನಿಲ್ಲ ಕಣಮ್ಮ. ನಮಗೇ ನೀರು ಬೇಕು."

ಟೈಲರನ ಹೆಂಡತಿ ಸೊಸೆಯ ಕಡೆ ತಿರುಗಿದಳು. ಒಂದು ಮಾತಾದರೂ ಆಡುತ್ತಾಳೆಂದು ಕಾದಳು. ಸೊಸೆ ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಅತ್ತೆಯ ಹಿಂದೆಯೇ ಮೆಟ್ಟಿಲಿಳಿದಳು.