ಅಳಿವೆ ದಾಟಿದ ಮೇಲಿನ ಲೆಕ್ಕ

ಮಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂಬ ಘನವಾದ ಪ್ರಶ್ನೆಯನ್ನು ತೆಂಗಿನಗುಂಡಿಯ ಬಂದರುಕಟ್ಟೆ ಕಳೆದ ಮಾರ್ಚ್‌ನಲ್ಲಿ ಕೈಗೆತ್ತಿಕೊಂಡಿತು. ಆ ವಾರ ಮೀನಿನ ದರದ ಬಗ್ಗೆಯೂ ಯಾರೂ ಅಷ್ಟು ಗಂಭೀರವಾಗಿ ಮಾತಾಡಲಿಲ್ಲ.

ಕಾರಣ, ದೋಣಿಯ ದಾಸನ ಮಗಳು ದೀಕ್ಷಾ. ಮುಂಬೈ ಕಡೆಯ ಡೊಂಬಿವ್ಲಿಯಲ್ಲಿ ಗಂಡನ ಮನೆಯಲ್ಲಿದ್ದ ಅವಳು ಬಸುರಿ; ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಮ್ಮನ ಕೈಯ ಬಂಗಡೆ ಸಾರಾದರೆ ನಿಂತೀತು ಎಂದು ಫೋನಿನಲ್ಲಿ ಅತ್ತಿದ್ದಳು. ಬಯಕೆಯ ಅಡುಗೆ ತವರಿನ ಒಲೆಯ ಮೇಲೆಯೇ ಬೇಯಬೇಕೆಂಬುದು ಆ ಮನೆಯ ಪದ್ಧತಿ. ಹಾಗಾಗಿ ಸಾರೇ ಪ್ರಯಾಣ ಹೊರಡಬೇಕಾಯಿತು.

“ರೈಲು ಹೊನ್ನಾವರ, ಕುಮಟಾ ಅಂತ ನಿಂತು ನಿಂತು ಹೋಪುದು. ವಿಮಾನ ಆದ್ರೆ ಒಂದೂವರೆ ತಾಸು. ಸಾರಿನ ಬಿಸಿ ಸುದ ಆರುದಿಲ್ಲ” ಎಂದ ದಾಸ.

“ಒಲೆಯಿಂದ ಅವಳ ಬಟ್ಟಲಿಗೆ ಎಷ್ಟು ಹೊತ್ತು, ಅದ್ ಹೇಳಿ” ಎಂದಳು ಹೆಂಡತಿ ಮಾಸ್ತಮ್ಮ.

“ಎಂತ ಮಾರಾಯ್ತಿ, ಅದೇ ಹೇಳ್ದೆ ಅಲ್ದಾ? ಒಂದೂವರೆ ತಾಸು!”

ಇದು ಹಟವಲ್ಲ, ಕಸುಬಿನ ರೂಢಿ. ದೋಣಿಯವರು ಹೊತ್ತು ಎಣಿಸುವುದು ಅಳಿವೆಯನ್ನು, ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿಯನ್ನು, ದಾಟಿದ ಮೇಲೆ. ಅದಕ್ಕೆ ಮೊದಲು ಭರತದ ನೀರು ಏರಲೆಂದು ಕಾದು ಕೂತದ್ದು ಯಾವ ಲೆಕ್ಕಕ್ಕೂ ಇಲ್ಲ. ಬುಟ್ಟಿ ಹೊತ್ತು ಮೀನು ಮಾರುವ ಮಾಸ್ತಮ್ಮನ ಲೆಕ್ಕ ಬೇರೆ: ಮೀನು ನೀರು ಬಿಟ್ಟ ಗಳಿಗೆಯಿಂದ ಗಿರಾಕಿಯ ಪಾತ್ರೆಗೆ ಬೀಳುವವರೆಗೆ. ಇಷ್ಟು ವರ್ಷದ ಸಂಸಾರದಲ್ಲಿ ಈ ಎರಡು ಗಡಿಯಾರ ಒಮ್ಮೆಯೂ ಒಂದೇ ಗಂಟೆ ತೋರಿಸಿದ್ದಿಲ್ಲ.

“ಆತು, ವಿಮಾನವೇ ಆಗ್ಲಿ” ಎಂದು ಅವಳು ಒಲೆಯ ಕಡೆ ನಡೆದಳು.

ಬೆಳಕು ಹರಿಯುವಾಗ ಗಂಡ ಹೆಂಡತಿಯನ್ನೂ ಸಾರಿನ ಡಬ್ಬಿಯನ್ನೂ ಹೊತ್ತು ಕಾರು ಮಂಗಳೂರಿಗೆ ಹೊರಟಿತು. ಹೆದ್ದಾರಿ ಅಗೆದಲ್ಲೆಲ್ಲ ಕಾದರು, ವಿಮಾನ ನಿಲ್ದಾಣದಲ್ಲಿ ಇನ್ನಷ್ಟು ಕಾದರು. ಕೌಂಟರಿನ ಹುಡುಗಿ ಸಾರನ್ನು ಕೈಯಲ್ಲಿ ಒಯ್ಯುವಂತಿಲ್ಲ, ಸಾಮಾನಿನ ಜೊತೆ ಹೋಗಲಿ ಎಂದಳು.

“ಅದನ್ನ ನನ್ನ ಸೀಟಲ್ಲಿ ಕೂರ್ಸಿ, ನಾನೇ ಕೆಳಗೆ ಹೋತೆ” ಎಂದ ದಾಸ. ಅದಕ್ಕೂ ಅವಕಾಶವಿರಲಿಲ್ಲ.

ವಿಮಾನ ಮಾತ್ರ ಒಂದೂವರೆ ತಾಸಿಗೇ ಇಳಿಯಿತು. “ಕಂಡ್ಯಾ?” ಎಂದ. ಆಮೇಲೆ ಟ್ಯಾಕ್ಸಿ ಮುಂಬೈಯನ್ನು ಗೇಣುಗೇಣಾಗಿ ಅಳೆಯಿತು. ಮಗಳ ಬಾಗಿಲು ತಟ್ಟಿದಾಗ ದೀಪ ಹಚ್ಚುವ ಹೊತ್ತು.

ಆ ಸೆಖೆಗೆ ಕಾಯಿ ಅರೆದು ಹಾಕಿದ ಸಾರು ದಾರಿಯಲ್ಲೇ ಹಳಸಿರಬೇಕು. ಅದು ದಾಸನಿಗೂ ಗೊತ್ತು. ಅವನು ಡಬ್ಬಿ ತೆರೆದು ಅಂಜುತ್ತ ಮೂಗು ಹತ್ತಿರ ತಂದ. ಹುಳಿ ಮತ್ತು ಮೆಣಸಿನ ಘಾಟು ನೆತ್ತಿಗೇರಿತು.

“ಕಾಯಿ ಹಾಕ್ಲಿಲ್ಯಾ?”

“ನಿಮ್ಮ ಒಂದೂವರೆ ತಾಸು ನಂಬ್ಕಂಡು ಕಾಯಿ ಹಾಕೂಕೆ ನಂಗೆಂತ ಮರುಳಾ? ನಾಳೆ ಸಂಜಿಗೂ ಕೆಡದ ಹಾಂಗೆ ಬತ್ತಿಸಿ ತಂದಿದ್ದೆ.”

“ಆದ್ರೂ ವಿಮಾನ ಒಂದೂವರೆ ತಾಸೇ.”

“ಅಪ್ಪ, ನೀ ಇನ್ನೂ ಅಳಿವೆ ಒಳಗೇ ಇದ್ದೆ” ಎಂದಳು ದೀಕ್ಷಾ ತಟ್ಟೆ ಎಳೆದುಕೊಳ್ಳುತ್ತ. “ಮೊದ್ಲು ಬಡ್ಸುಕೆ ಬಿಡು.”

ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ವಾಂತಿ ಆಗಲಿಲ್ಲ.