ಒಳಗು ಕಾಣುವ ಕವರ್

ಕೊಯ್ಲು ಮುಗಿದು ಒಕ್ಕಣೆ ಶುರುವಾಗಿತ್ತು. ಬೆಳಗಿನ ಹೊತ್ತು ಇಬ್ಬನಿ, ಹಗಲೆಲ್ಲ ಹೊಟ್ಟಿನ ಧೂಳು. ಊರಾಚೆಯ ಹೊಲದಲ್ಲಿ ಯಂತ್ರ ಒದರುತ್ತಿದ್ದರೆ ಅದು ಉಗುಳಿದ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಒಣಹಾಕಿದ ಬಟ್ಟೆ, ನೀರಿನ ತೊಟ್ಟಿ, ಮಕ್ಕಳ ತಲೆಗೂದಲು ಎಲ್ಲದರ ಮೇಲೂ ಕೂರುತ್ತಿತ್ತು. ಬೋರ್ಡಿನವನಿಗೆ ಈ ಕಾಲವೆಂದರೆ ತಲೆನೋವು. ಅಂಗಡಿಗಳಿಗೆ ಪ್ಲಾಸ್ಟಿಕ್ಕಿನ ಹೆಸರುಬೋರ್ಡು ಮಾಡಿಕೊಡುವುದು ಅವನ ಕಸುಬು. ಹಾಳೆಯ ಮೇಲಿನ ಅಂಟುಕಾಗದ ಕಿತ್ತ ಕೂಡಲೇ ಹೊಟ್ಟು ಹಾರಿ ಬಂದು ಕಚ್ಚಿಕೊಳ್ಳುತ್ತಿತ್ತು. ಒರೆಸಿದಷ್ಟೂ ಇನ್ನಷ್ಟು ಅಂಟುತ್ತಿತ್ತು. ಹಾಗಾಗಿ ಆ ರಜೆಯ ದಿನ ಅವನು ಕೆಲಸವನ್ನು ಶೆಡ್ಡಿನಿಂದ ಅಡುಗೆಮನೆಗೆ ಸಾಗಿಸಿ, ಕಿಟಕಿ ಮುಚ್ಚಿ, ಬ್ರೆಡ್ಡು ಬೇಯಿಸುವ ಓವನ್ನಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದ.

ಓವನ್ನಿನೊಳಗೆ ಗಾಜಿನಷ್ಟು ತಿಳಿಯಾದ ಗಟ್ಟಿ ಪ್ಲಾಸ್ಟಿಕ್ ಹಾಳೆಯೊಂದು ಸಣ್ಣ ಬಿಸಿಯಲ್ಲಿ ಒಣಗುತ್ತಿತ್ತು. ಬಸ್ ನಿಲ್ದಾಣದ ಚಾವಣಿಗೆ ಹಾಕಿ ಉಳಿದ ತುಂಡು. ಬೋರ್ಡಿಗೆ ಬಳಸುವ ಮಾಮೂಲಿ ಹಾಳೆ ಎಂಜಿನ್ನಿನ ಕಾವಿಗೆ ಸೊಟ್ಟಗಾಗುತ್ತದೆಂದು ಅವನಿಗೆ ಗೊತ್ತಿತ್ತು. ಇದು ತಡೆಯುತ್ತದೆ. ಆದರೆ ಇದರ ಚಾಳಿ ಬೇರೆ. ಗಾಳಿಯ ತೇವವನ್ನೆಲ್ಲ ಕುಡಿದು ಕೂತಿರುತ್ತದೆ. ಒಣಗಿಸದೆ ಕಾಯಿಸಿದರೆ ಮೈಯೆಲ್ಲ ಗುಳ್ಳೆ. ನಿನ್ನೆ ಅವಸರ ಮಾಡಿ ಒಂದು ತುಂಡನ್ನು ಹಾಗೇ ಕೆಡಿಸಿದ್ದ. ಅದು ಬಾಗಿಲ ಮೂಲೆಯಲ್ಲಿ, ಸಿಡುಬು ಬಂದ ಮುಖದಂತೆ, ಗೋಡೆಗೆ ಒರಗಿ ನಿಂತಿತ್ತು.

"ಇವತ್ತು ನಮಗೆ ಊಟಕ್ಕೆ ಇದೇನಾ?" ಅವನ ಹೆಂಡತಿ ಓವನ್ನಿನ ಬಾಗಿಲಿಗೆ ಬಗ್ಗಿ ನೋಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. "ಉಪ್ಪು ಖಾರ ಹಾಕಿದೀರೋ ಇಲ್ವೋ?"

"ಇನ್ನು ಸ್ವಲ್ಪ ತಾಳು. ನಿನ್ನ ಕಾರಿಗೆ ತಾನೇ ಮಾಡ್ತಿರೋದು."

"ನನ್ನ ಓವನ್ನಿಗೆ ವಾಸನೆ ಹಿಡೀತು ಅಂದ್ರೆ ನಿಮ್ಮನ್ನೇ ಒಳಗೆ ಇಟ್ಟು ಬಾಗಿಲು ಹಾಕ್ತೀನಿ, ನೋಡ್ತಿರಿ."

ಕಾರು ಅವಳದೇ. ಸೆಕೆಂಡ್ ಹ್ಯಾಂಡು. ದಿನಾ ಬೆಳಿಗ್ಗೆ ಲಸಿಕೆಯ ಐಸ್ ಡಬ್ಬಿಯನ್ನು ಮುಂದಿನ ಸೀಟಿನಲ್ಲಿ, ಮಗಳು ಪುಟ್ಟಿಯನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ರಸ್ತೆ ಇಳಿಯುತ್ತಾಳೆ. ಪುಟ್ಟಿಯನ್ನು ಶಿಶುವಿಹಾರದಲ್ಲಿ ಬಿಟ್ಟು ಕೆಳಗಿನ ಊರುಗಳಿಗೆ ಹೋಗುತ್ತಾಳೆ. ಆ ಇಳಿಜಾರಿನಲ್ಲಿ ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ.

ಕಾರಿನ ಎಂಜಿನ್ನಿನ ಪಕ್ಕದಲ್ಲಿ ಹಲ್ಲುಗಳಿರುವ ರಬ್ಬರ್ ಬೆಲ್ಟೊಂದು ಓಡುತ್ತದೆ. ಅದು ತುಂಡಾದರೆ ಎಂಜಿನ್ ಓಡುತ್ತಿದ್ದಂತೆಯೇ ಸಾಯುತ್ತದೆ; ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕ್ ಎಷ್ಟು ತುಳಿದರೂ ಕೆಳಗಿಳಿಯುವುದಿಲ್ಲ. ಅದಕ್ಕೆ ಮುಚ್ಚಿದ ಕಪ್ಪು ಕವರ್ ಬಿರುಕು ಬಿಟ್ಟು ಒಂದು ಮೂಲೆಯೇ ಹಾರಿಹೋಗಿತ್ತು. ಹೊಟ್ಟಿನ ಧೂಳು ಸೀದಾ ಬೆಲ್ಟಿಗೆ ಹೋಗುತ್ತಿತ್ತು. ಆ ಮಾದರಿಯ ಕಾರು ತಯಾರಾಗುವುದು ನಿಂತು ಎಷ್ಟೋ ವರ್ಷವಾಗಿ ಹೊಸ ಕವರ್ ಎಲ್ಲೂ ಸಿಗುತ್ತಿರಲಿಲ್ಲ. ಬೋರ್ಡಿನವನು ಹಾಗಾಗಿ ತಾನೇ ಮಾಡುತ್ತೇನೆಂದು ಹೊರಟಿದ್ದ. ಮಾಡುವುದಾದರೆ ಕಪ್ಪಗೇಕೆ, ಒಳಗು ಕಾಣುವ ಹಾಗೇ ಮಾಡುತ್ತೇನೆ ಎಂದು.

ಇದನ್ನು ಕೇಳಿ ಮಾವ ನಕ್ಕಿದ್ದ.

ಮಾವ ಎಂದರೆ ನರ್ಸಿನ ಸೋದರಮಾವ. ತಂದೆತಾಯಿ ಇಲ್ಲದ ಅವಳನ್ನು ಸಾಕಿ ಓದಿಸಿದವನು. ಬೀದಿಯ ಕೊನೆಯಲ್ಲಿ ಅವನ ಗ್ಯಾರೇಜು. ಸುತ್ತಲಿನವರು ವಾಹನ ಕೆಟ್ಟರೆ ಅವನ ಮಾತನ್ನು ಕೇಳಿ ಎದುರು ಮಾತಾಡದೆ ಹೋಗುತ್ತಿದ್ದರು. ಹೋದ ವರ್ಷ ಬೆಲ್ಟಿನ ಆಯಸ್ಸು ಮುಗಿದಾಗ ಕಾರನ್ನು ಅವನೇ ಇಟ್ಟುಕೊಂಡು, ಸಂಜೆ ಕೀ ಕೈಗಿಟ್ಟು, "ಹೊಸ ಬೆಲ್ಟು ಹಾಕಿದೀನಿ, ಕಣ್ಣು ಮುಚ್ಕೊಂಡು ಓಡ್ಸು" ಅಂದಿದ್ದ. ಅವಳು ಹಾಗೇ ಓಡಿಸಿದ್ದಳು.

"ಎಂಜಿನ್ನೇನು ಮಿಠಾಯಿ ಅಂಗಡೀನಾ ಅಳಿಯಂದ್ರೇ, ಗಾಜಿನ ಬೀರು ಕೂರ್ಸೋಕೆ?" ಎಂದಿದ್ದ ಮಾವ. "ಜನ ಕಾರಿನ ಬಣ್ಣ ನೋಡ್ತಾರೆ. ಹೊಟ್ಟೆ ಬಗೆದು ಯಾರು ನೋಡ್ತಾರೆ?"

"ನಾವು ಆಸ್ಪತ್ರೇಲಿ ಅದನ್ನೇ ನೋಡೋದು ಮಾವ," ಎಂದಿದ್ದಳು ನರ್ಸು.

ಅವನು ಎರಡನೇ ಸಲ ನಗಲಿಲ್ಲ. "ಒಂದು ದಿನ ಕಾರು ನನ್ನ ಹತ್ರ ಬಿಡು ಕಣಮ್ಮಾ. ಗುಜರೀಲಿ ಹುಡುಕಿ ಕಪ್ಪು ಕವರೇ ತಂದು ಹಾಕ್ಕೊಡ್ತೀನಿ."

"ಈ ವಾರ ಪೂರ್ತಿ ಲಸಿಕೆ ಕೆಲಸ. ಕಾರು ನಿನಗೆ ಬಿಟ್ಟು ನಾನು ಐಸ್ ಡಬ್ಬಿ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?"

ಮರುದಿನವೂ ಕೇಳಿದ. ಅದರ ಮರುದಿನವೂ. ವಯಸ್ಸಾಯಿತು, ಹೇಳಿದ್ದನ್ನೇ ಹೇಳುತ್ತಾನೆ ಎಂದುಕೊಂಡರು ಗಂಡಹೆಂಡಿರು.

ಹಾಳೆ ಒಣಗಿತು. ಬೋರ್ಡಿನವನು ಓವನ್ನಿನ ಬಿಸಿ ಏರಿಸಿದ. ಹಳೆಯ ಕವರಿಗೆ ಟೇಪು ಸುತ್ತಿ, ಅದರ ಅಳತೆಗೆ ಮರದಲ್ಲಿ ಅಚ್ಚು ಕೆತ್ತಿ ಇಟ್ಟಿದ್ದ. ಅಳತೆಗೆಂದು ಕವರ್ ಬಿಚ್ಚಿದಾಗ ಬೆಲ್ಟಿನ ಒಂದು ಗೇಣು ಮಾತ್ರ ಕಂಡಿತ್ತು, ಧೂಳು ಮೆತ್ತಿಕೊಂಡು. ಉಳಿದದ್ದೆಲ್ಲ ಕೆಳಗೆ ಮರೆಯಲ್ಲಿ. ಅಕ್ಷರ ಸೊಟ್ಟಗಿದ್ದರೆ ದೂರದಿಂದಲೇ ಹೇಳಬಲ್ಲ ಅವನಿಗೆ ಬೆಲ್ಟು ಹೊಸದೋ ಹಳೆಯದೋ ಹೇಳುವ ಕಣ್ಣಿರಲಿಲ್ಲ.

ಹಾಳೆ ಒದ್ದೆ ಬಟ್ಟೆಯಂತೆ ಜೋತುಬಿದ್ದಾಗ ದಪ್ಪ ಕೈಗವಸು ಹಾಕಿಕೊಂಡು ಎತ್ತಿ, ಅಚ್ಚಿನ ಮೇಲೆ ಹೊದಿಸಿ, ಮೇಲಿನಿಂದ ಮರದ ಚೌಕಟ್ಟು ಒತ್ತಿ, ಅದರ ಮೇಲೆ ತನ್ನ ಮೈಭಾರ ಬಿಟ್ಟು ನಿಂತ. ಉಸಿರೂ ಮೆಲ್ಲಗೆ ಬಿಟ್ಟ. ಆರಿದ ಮೇಲೆ ಬಿಡಿಸಿದರೆ ಒಂದೇ ಒಂದು ಗುಳ್ಳೆಯಿಲ್ಲ. ಅಂಚು ಕೊಯ್ದು, ಉಪ್ಪುಕಾಗದ ತಿಕ್ಕಿ, ನಿಧಾನವಾಗಿ ತೂತು ಕೊರೆದು ಕಿಟಕಿಯ ಬೆಳಕಿಗೆ ಹಿಡಿದ. ಕೈಯಲ್ಲಿ ಏನೂ ಇಲ್ಲದಂತೆ ಕಂಡಿತು.

"ಬಾ ಇಲ್ಲಿ, ನೋಡು," ಎಂದು ಹೆಂಡತಿಯನ್ನು ಕರೆದ.

"ನೀವು ಹಾಕಿ, ಬರ್ತೀನಿ. ಪುಟ್ಟಿಗೆ ತಲೆ ಬಾಚ್ತಿದೀನಿ."

ಅಂಗಳದಲ್ಲಿ ಬಾನೆಟ್ ಎತ್ತಿ, ಕವರನ್ನು ಕೂರಿಸಿ, ಸ್ಕ್ರೂಗಳನ್ನು ಹದವಾಗಿ ಬಿಗಿದ. ಹೆಚ್ಚು ಬಿಗಿದರೆ ಸೀಳುತ್ತದೆ. ಕಾರು ಚಾಲೂ ಮಾಡಿ ಮುಂದಕ್ಕೆ ಬಂದು ಬಗ್ಗಿ ನೋಡಿದ. ಚಕ್ರ ತಿರುಗುತ್ತಿದೆ, ಬೆಲ್ಟು ಹರಿಯುತ್ತಿದೆ. ಇಷ್ಟು ದಿನ ಸದ್ದು ಮಾತ್ರ ಆಗಿದ್ದದ್ದು ಈಗ ಕಣ್ಣಿಗೂ ಕಾಣುತ್ತಿದೆ. ಅವನಿಗೆ ಮಗುವಿನಂತೆ ಖುಷಿಯಾಯಿತು.

ಆಮೇಲೆ ಬೆಲ್ಟಿನ ಅಂಚಿನಲ್ಲಿ ಏನೋ ಕೆಂಪಗೆ ಮಿನುಗಿ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಯಾರೋ ಒಳಗಿನಿಂದ ಕಣ್ಣು ಮಿಟುಕಿಸಿದ ಹಾಗೆ. ಪ್ಲಾಸ್ಟಿಕ್ಕಿನ ಹೊಳಪಿರಬೇಕೆಂದು ಕೈ ಅಡ್ಡ ಹಿಡಿದ. ಹೊಳಪಾಗಿರಲಿಲ್ಲ.

"ಇದೇನೋ ಕೆಂಪಗೆ ಓಡ್ತಿದೆಯಲ್ಲೇ."

ಅವಳು ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಬಾಚಣಿಗೆ ಕೈಯಲ್ಲೇ ಹಿಡಿದು, "ನಿಮ್ಮ ಬೋರ್ಡಿನ ಲೈಟು ಇದಕ್ಕೂ ಹಾಕಿದ್ರಾ ಹೇಗೆ?" ಎನ್ನುತ್ತ ಬಂದಳು. ಬಗ್ಗಿದಳು. ತುಟಿಯ ಮೇಲಿನ ನಗು ಅರ್ಧಕ್ಕೇ ನಿಂತಿತು.

"ಬಂದ್ ಮಾಡಿ," ಎಂದಳು.

"ಯಾಕೆ?"

"ಮೊದ್ಲು ಬಂದ್ ಮಾಡಿ."

ಎಂಜಿನ್ ನಿಂತಿತು. ಚುಕ್ಕೆ ಮೇಲಿನ ಚಕ್ರದ ನೆತ್ತಿಯಲ್ಲಿ, ಸರಿಯಾಗಿ ಅವಳ ಕಣ್ಣೆದುರು, ನಿಂತಿತು. ಗಾಢ ಕೆಂಪು. ಅಂಚು ಕೊಂಚ ಉದುರಿದ ಉಗುರುಬಣ್ಣ. ಅದರ ಎರಡೂ ಪಕ್ಕ ಬೆಲ್ಟಿನ ಮೈಯಲ್ಲಿ, ಬೇಸಿಗೆಯ ಕೆರೆಯ ತಳದಂತೆ, ಬಿರುಕುಗಳು.

"ಇದು ಅತ್ತೇದು," ಎಂದಳು.

ಆ ಚುಕ್ಕೆಯ ಕಥೆ ಬೋರ್ಡಿನವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ತಾನು ಹಾಕಿದ ಬೆಲ್ಟು ಯಾವುದೆಂದು ಮುಂದೆ ಗುರುತು ಸಿಗಲಿ ಎಂದು ಮಾವ ಪ್ರತಿ ಬೆಲ್ಟಿಗೂ ಒಂದು ಚುಕ್ಕೆ ಇಡಿಸುತ್ತಿದ್ದ. ಇಡುತ್ತಿದ್ದವಳು ಅವನ ಹೆಂಡತಿ, ಅತ್ತೆ. ಅವನು ಕೂಗಿದರೆ ಅವಳು ಒಳಗಿನಿಂದ ಉಗುರುಬಣ್ಣದ ಸೀಸೆ ಹಿಡಿದು ಬಂದು, ಬಳೆ ಹಿಂದಕ್ಕೆ ಸರಿಸಿ, ಎಂಜಿನ್ನಿನೊಳಗೆ ಕೈ ಹಾಕಿ ಚುಕ್ಕೆ ಇಟ್ಟು, ಊದಿ ಒಣಗಿಸುತ್ತಿದ್ದಳು. ಆಮೇಲೇ ಮಾವ ಕವರ್ ಮುಚ್ಚುತ್ತಿದ್ದದ್ದು. ಅತ್ತೆ ತೀರಿಕೊಂಡು ಮೂರು ವರ್ಷ. ಅವಳ ಸೀಸೆ ಒಣಗಿಹೋದ ಮೇಲೆ ಅವನು ಹಳದಿ ಬಣ್ಣದ ಪೆನ್ನು ತಂದುಕೊಂಡಿದ್ದ. ಹೋದ ವರ್ಷ ಹಾಕಿದ ಬೆಲ್ಟಿನ ಮೇಲೆ ಹಳದಿ ಇರಬೇಕಿತ್ತು.

ಗೇಟು ಕಿರುಗುಟ್ಟಿತು. ಮಾವ ಬರುತ್ತಿದ್ದ. ಒಂದು ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕಪ್ಪು ಕವರ್, ಇನ್ನೊಂದು ಕೈಯಲ್ಲಿ ಟೂಲ್ಸಿನ ಚೀಲ. "ಸಿಕ್ಕೇ ಬಿಡ್ತು ನೋಡಮ್ಮಾ, ಗುಜರಿಯವನನ್ನ ಕಾಡಿ ಬೇಡಿ..." ಎನ್ನುತ್ತ ಬಂದವನು ಎತ್ತಿದ ಬಾನೆಟ್ ನೋಡಿದ. ಅವರಿಬ್ಬರ ಮುಖ ನೋಡಿದ. ಬಗ್ಗಿ ನೋಡಲು ಹೋಗಲಿಲ್ಲ. ಅಲ್ಲೇ ನಿಂತ.

ದೂರದಲ್ಲಿ ಒಕ್ಕಣೆಯ ಯಂತ್ರ ಒದರುತ್ತಲೇ ಇತ್ತು.

"ಮಾವ," ಎಂದಳು ನರ್ಸು. ದನಿ ಏರಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು ಮಾತಾಡುವ ದನಿ ಅದು. "ಬೆಲ್ಟು ಬದಲಾಯಿಸಿದೀನಿ ಅಂದ್ರಲ್ಲ ನೀವು."

ಹುಟ್ಟಿದಾಗಿನಿಂದ ಅವಳು ಅವನನ್ನು ನೀನು ಎಂದೇ ಕರೆದವಳು. ಮಾವನ ಮುಖಕ್ಕೆ ಯಾರೋ ಬಾರಿಸಿದಂತಾಯಿತು.

"ಬದಲಾಯಿಸ್ಬೇಕು ಅಂತಲೇ ಬಿಚ್ಚಿದೆ," ಎಂದ. "ಹೊಸದು ತಂದು ಪಕ್ಕದಲ್ಲೇ ಇಟ್ಕೊಂಡಿದ್ದೆ. ಚಕ್ರ ತಿರುಗಿಸ್ತಾ ಇದ್ದೆ. ಅವಳು ಇಟ್ಟಿದ್ದು ಮೇಲೆ ಬಂತು." ಚೀಲವನ್ನು ನೆಲಕ್ಕಿಟ್ಟ. "ಅವಳು ಚುಕ್ಕೆ ಇಟ್ಟ ಉಳಿದ ಬೆಲ್ಟೆಲ್ಲ ಹೋಗಿದ್ವು ಕಣಮ್ಮಾ. ಹಾಲಿನ ವ್ಯಾನಿಂದು ಹೋಯ್ತು, ಪೋಸ್ಟ್ ಮಾಸ್ತರ ಗಾಡೀದು ಹೋಯ್ತು, ನಾನೇ ತೆಗೆದು ಬಿಸಾಕಿದೆ. ಆಗ ಏನೂ ಅನ್ನಿಸ್ಲಿಲ್ಲ. ಇದೊಂದೇ ಓಡ್ತಾ ಇದ್ದದ್ದು. ಇನ್ನೊಂದು ತಿಂಗಳು ಇರಲಿ ಅಂತ ಮುಚ್ಚಿಟ್ಟೆ."

"ಒಂದು ತಿಂಗಳು."

"ಆಮೇಲೆ ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಕಾರು ಬಿಡು ಬಿಡು ಅಂತಿದ್ದದ್ದು."

"ನನಗೆ ಒಂದು ಮಾತು ಹೇಳಿದ್ರೆ ಕಾರು ನಿಲ್ಲಿಸಿ ಬಸ್ಸಲ್ಲಿ ಹೋಗ್ತಿದ್ದೆ. ಆ ಇಳಿಜಾರಲ್ಲಿ ದಿನಾ ಇಳೀತೀನಿ ಮಾವ. ಇವಳು ಹಿಂದೆ ಕೂತು ಹಾಡು ಹೇಳ್ತಿರ್ತಾಳೆ. ನೀವು ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೈ ಬೀಸ್ತೀರ." ಪುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಪುಟ್ಟಿ ಬಾಚಣಿಗೆ ಕಸಿದುಕೊಂಡು ಮಾವನ ಕಡೆ ಚಾಚಿತು. ಅವನು ತೆಗೆದುಕೊಳ್ಳಲಿಲ್ಲ.

ತಾನು ಕವರನ್ನು ಕಪ್ಪು ಹಾಳೆಯಲ್ಲೇ ಮಾಡಿದ್ದರೆ ಎಂಬ ಯೋಚನೆ ಬೋರ್ಡಿನವನಿಗೆ ಬಂತು. ಅದರ ಹಿಂದೆಯೇ ಒಂದು ಕಡೆ ಏನೂ ಇಲ್ಲದ ಆ ಇಳಿಜಾರು ಕಣ್ಣಿಗೆ ಬಂತು.

"ಹೊಸ ಬೆಲ್ಟು ಎಲ್ಲಿದೆ?" ಎಂದಳು.

ಮಾವ ಚೀಲದಿಂದ ಡಬ್ಬಿ ತೆಗೆದ. ಹೋದ ವರ್ಷದ್ದೇ. ಸೀಲು ಹಾಗೇ ಇತ್ತು.

"ಇಲ್ಲೇ ಹಾಕಿ. ನನ್ನ ಕಣ್ಣೆದುರಿಗೆ."

ಅವನು ಅಂಗಳದಲ್ಲಿ ಗೋಣಿಚೀಲ ಹಾಸಿದ. ಬೋರ್ಡಿನವನು ತಾನು ಬಿಗಿದ ಕವರನ್ನು ತಾನೇ ಬಿಚ್ಚಿಕೊಟ್ಟು ಟಾರ್ಚು ಹಿಡಿದು ನಿಂತ. ಅವಳು ಮೆಟ್ಟಿಲ ಮೇಲೆ ಕೂತಳು, ಪುಟ್ಟಿಗೆ ಅರ್ಧಕ್ಕೆ ಬಿಟ್ಟ ಜಡೆ ಹೆಣೆದಳು, ಊಟ ಮಾಡಿಸಿ ಮಲಗಿಸಿ ಬಂದು ಮತ್ತೆ ಅಲ್ಲೇ ಕೂತಳು. ಯಾವತ್ತೂ ಕೆಲಸ ಮಾಡುತ್ತ ಹಾಡು ಗುನುಗುವ ಮಾವ ಆವತ್ತು ಒಂದು ಸ್ಪಾನರ್ ಕೆಳಗಿಟ್ಟರೂ ಸದ್ದಾಗದಂತೆ ಇಟ್ಟ.

ಹಳೆಯ ಬೆಲ್ಟು ಸಡಿಲಾಗಿ ಹೊರಬಂತು. ಅವನು ಅದನ್ನು ಹಿಂದಕ್ಕೆ ಬಾಗಿಸಿದ, ಮೆಕ್ಯಾನಿಕ್ಕುಗಳು ಅಭ್ಯಾಸಬಲದಿಂದ ಬಾಗಿಸುವಂತೆ. ಬಿರುಕುಗಳು ಬಾಯಿ ತೆರೆದವು. ಒಂದು ಹಲ್ಲು ಕಳಚಿ ಅವನ ಅಂಗೈಗೆ ಬಿತ್ತು. ಪಕ್ಕದ್ದನ್ನು ಮುಟ್ಟಿದ, ಅದೂ ಬಂತು. ಬೆಲ್ಟಿನೊಳಗಿನ ದಾರದ ಎಳೆಗಳು ಹಸಿ ಗಾಯದಂತೆ ಹೊರಗೆ ಕಂಡವು.

ಮಾವ ಗೋಣಿಚೀಲದ ಮೇಲೆ ಕೂತುಬಿಟ್ಟ. "ಇಷ್ಟು ಹೋಗಿದೆ ಅಂತ ನನಗೆ ಗೊತ್ತಿರ್ಲಿಲ್ಲ," ಎಂದ. ಯಾರಿಗೆ ಹೇಳಿದನೋ. ನಲವತ್ತು ವರ್ಷ ಬೆಲ್ಟು ಮುಟ್ಟಿದ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿಕೊಳ್ಳುತ್ತಿದ್ದ. "ಅವತ್ತು ನಾನು ಬೆಲ್ಟೇ ನೋಡ್ಲಿಲ್ಲ. ಚುಕ್ಕೆ ಒಂದನ್ನೇ ನೋಡ್ದೆ."

ನರ್ಸು ಎದ್ದು ಬಂದಳು. ಅವನ ಅಂಗೈಯಿಂದ ಆ ಎರಡು ಹಲ್ಲುಗಳನ್ನು ಎತ್ತಿ ನೋಡಿ, ವಾಪಸು ಅಲ್ಲೇ ಇಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಹೊಸ ಬೆಲ್ಟು ಕೂತಿತು. ಮಾವ ಜೇಬಿನಿಂದ ಹಳದಿ ಪೆನ್ನು ತೆಗೆದು, ಹಾಗೇ ಹಿಡಿದುಕೊಂಡು ಅವಳ ಕಡೆ ನೋಡಿದ. ಅವಳು ತೆಗೆದುಕೊಳ್ಳಲಿಲ್ಲ. ಅವನೇ ಇಟ್ಟ. ಊದಿ ಒಣಗಿಸಿದ. ಬೋರ್ಡಿನವನು ತಿಳಿ ಕವರನ್ನು ಮತ್ತೆ ಬಿಗಿದ. ಗುಜರಿಯ ಕಪ್ಪು ಕವರ್ ಪೇಪರು ಬಿಚ್ಚದೆಯೇ ಬಾವಿಕಟ್ಟೆಯ ಮೇಲೆ ಉಳಿಯಿತು.

ಹೊರಡುವಾಗ ಮಾವ ಗೇಟಿನ ಹತ್ತಿರ ನಿಂತ. "ಆ ಹಳೇದು..." ಎಂದ.

ಬೆಲ್ಟು ಅವಳ ಕೈಯಲ್ಲಿತ್ತು. "ಅದು ನನ್ನ ಕಾರಿಂದು ಮಾವ. ನನ್ನ ಹತ್ರ ಇರಲಿ."

ಅವನು ತಲೆಯಾಡಿಸಿ ಹೋದ.

ಮರುದಿನ ಇಬ್ಬನಿಯಲ್ಲೇ ಅವಳು ಹೊರಟಳು. ಗ್ಯಾರೇಜಿನ ಮುಂದೆ ಯಾವತ್ತೂ ಹಾರ್ನ್ ಹೊಡೆದು ಹೋಗುವವಳು, ಅಂದು ಅಲ್ಲಿ ಕಾರು ನಿಲ್ಲಿಸಿದಳು. ಬಾಗಿಲಲ್ಲಿ ನಿಂತಿದ್ದ ಮಾವ ಎರಡು ಹೆಜ್ಜೆ ಮುಂದೆ ಬಂದ. ಅವಳು ಇಳಿದು, ಬಾನೆಟ್ ಎತ್ತಿ, ಕವರಿನ ಮೇಲೆ ಕೂತಿದ್ದ ಹೊಟ್ಟನ್ನು ಅಂಗೈಯಿಂದ ಒರೆಸಿ, ಒಳಗೆ ಕಾಣುವಷ್ಟು ಬೆಲ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಮುಚ್ಚಿದಳು. ಇಳಿಜಾರಿಗೆ ತಿರುಗಿದಳು. ಆವತ್ತಿನಿಂದ ದಿನಾ ಹಾಗೇ ಮಾಡಿದಳು, ಇಳಿಜಾರು ಶುರುವಾಗುವುದು ಅಲ್ಲಿಂದಲೇ ಆದ್ದರಿಂದ.

ಹಳೆಯ ಬೆಲ್ಟನ್ನು ಅವಳು ಅಡುಗೆಮನೆಯ ಬಾಗಿಲ ಹಿಂದೆ, ಕಾರಿನ ಕೀ ಹಾಕುವ ಮೊಳೆಗೇ ತೂಗುಹಾಕಿದ್ದಳು. ಚುಕ್ಕೆ ಹೊರಗಡೆಗೆ ಬರುವ ಹಾಗೆ. ಮಾವ ಮೊದಲಿನಂತೆ ರಜೆಯ ದಿನ ಬಂದು, ಪುಟ್ಟಿಯನ್ನು ಆಡಿಸಿ, ಅವಳು ಬಡಿಸಿದ್ದನ್ನು ಉಂಡು ಹೋಗುತ್ತಿದ್ದ. ಕೂರುವಾಗ ಆ ಮೊಳೆ ಕಾಣುವ ಕಡೆಯೇ ಕೂರುತ್ತಿದ್ದ. ಅವನು ಆ ಬೆಲ್ಟನ್ನು ಮತ್ತೆ ಕೇಳಲಿಲ್ಲ. ಅವಳೂ ಕೊಡಲಿಲ್ಲ.